ಬರೀ ಉರಿ

ವಿಜಾಪುರ ಊರು ಮುಗಿದು ಅಥಣಿ ರಸ್ತೆ ಬಯಲಿಗೆ ಬೀಳುವ ಕಡೆ, ಒಂದು ಬೇವಿನ ಮರದ ಮಗ್ಗುಲಿಗೆ ಶಿವಯೋಗೆಪ್ಪನ ಖಾನಾವಳಿ ಇತ್ತು. ತಗಡಿನ ಮಾಡು, ಸಗಣಿ ಸಾರಿಸಿದ ನೆಲ, ಗೋಡೆಗುಂಟ ಹಾಸಿದ ಗೋಣಿತಟ್ಟು. ಟಿಕೋಟಾ, ಕಳ್ಳಕವಟಗಿ ಕಡೆಯಿಂದ ಚಕ್ಕಡಿ ಹೂಡಿಕೊಂಡು ಪೇಟೆಗೆ ಬರುವ ರೈತರು, ಕಚೇರಿ ಕೆಲಸಕ್ಕೆ ಬಂದು ಹೊತ್ತು ಮಾಡಿಕೊಂಡವರು, ಟಾಂಗಾ ಹೊಡೆಯುವವರು, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದ ಮಾಸ್ತರರು, ಇಂಥವರೇ ಗಿರಾಕಿಗಳು. ಬಾಗಿಲ ಮೇಲೆ ಹೆಸರು ಬರೆಸಿರಲಿಲ್ಲ. ಬರೆಸುವ ಜರೂರೂ ಇರಲಿಲ್ಲ. ‘ಖಾರದ ಶಿವಯೋಗೆಪ್ಪ ಎಲ್ಲಿ?’ ಎಂದರೆ ಸಾಕು, ಯಾರಾದರೂ ಕೈ ಮಾಡಿ ತೋರಿಸುತ್ತಿದ್ದರು.

ರೊಟ್ಟಿ, ಝುಣಕ, ಬದನೆಕಾಯಿ ಪಲ್ಯ ಎಲ್ಲ ಖಾನಾವಳಿಯಲ್ಲೂ ಸಿಗುತ್ತಿತ್ತು. ಜನ ಅಷ್ಟು ದೂರ ನಡೆದು ಬರುತ್ತಿದ್ದದ್ದು ಕೆಂಪು ಖಾರಕ್ಕೆ. ಗಿಡದಲ್ಲೇ ಹಣ್ಣಾದ ಮೆಣಸಿನಕಾಯಿ, ಉಪ್ಪು, ಬಳ್ಳೊಳ್ಳಿ, ಹುರಿದ ಮೆಂತ್ಯ, ಲಿಂಬೆರಸ, ಇಷ್ಟನ್ನೂ ಒಳಕಲ್ಲಿಗೆ ಹಾಕಿ ಕುಟ್ಟಿ, ಭರಣಿಗೆ ತುಂಬಿ, ಮೇಲೆ ಎಣ್ಣೆ ಹೊಯ್ದು ಬಾಯಿ ಕಟ್ಟಿಡುತ್ತಿದ್ದರು. ಮಾಘ ಮಾಸದಲ್ಲಿ ಒಮ್ಮೆ ಮಾಡಿದರೆ ವರ್ಷವೆಲ್ಲ ನಡೆಯಬೇಕು. ಕುಟ್ಟುವವರು ಹೆಂಡತಿ ಗೌರಾಬಾಯಿ ಮತ್ತು ರೊಟ್ಟಿ ಬಡಿಯುವ ಮಾಳವ್ವ. ರುಚಿ ನೋಡುವವನು ಮಾತ್ರ ಶಿವಯೋಗೆಪ್ಪ. ಒಳಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳ ತುದಿಗೆ ಅಷ್ಟು ತೆಗೆದು ಮೊದಲು ಮೂಗಿಗೆ ಹಿಡಿದು ಆಮೇಲೆ ನಾಲಗೆಗೆ ಇಟ್ಟುಕೊಂಡು, ‘ಇನ್ನೊಂದ ಹಿಡಿ ಬಳ್ಳೊಳ್ಳಿ’ ಎಂದೋ ‘ಸಾಕು, ಎತ್ರಿ’ ಎಂದೋ ಅಪ್ಪಣೆ ಕೊಡುತ್ತಿದ್ದ. ಆ ಮಾತಿಗೆ ಎರಡನೆಯ ಮಾತಿರಲಿಲ್ಲ.

ಅವನು ಉಣ್ಣುವುದನ್ನು ನೋಡಬೇಕಿತ್ತು. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಒಲೆಯ ಹತ್ತಿರ ಒಬ್ಬನೇ ಕೂರುತ್ತಿದ್ದ. ತಾಟಿನ ನಡುವೆ ಲಿಂಬೆಹಣ್ಣಿನಷ್ಟು ಖಾರ, ಅದರಲ್ಲೊಂದು ಗುಳಿ, ಗುಳಿಯ ತುಂಬ ಹಸಿ ಎಣ್ಣೆ. ಬಿಸಿ ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟರೆ ಮೊದಲು ಬಳ್ಳೊಳ್ಳಿಯ ಘಾಟು, ಅದರ ಹಿಂದೆ ಬಿಸಿಲು ಕಾಸಿದ ಹೊಲದಂಥ ಮೆಣಸಿನಕಾಯಿಯ ಘಮ, ಆಮೇಲೆ ಹುಳಿ, ಎಲ್ಲದರ ಕೊನೆಗೆ ಉರಿ. ಉರಿ ಕಿವಿಯ ತುದಿಗೆ ಏರಿ, ಬೋಳುತಲೆಯ ಮೇಲೆ ಬೆವರಾಗಿ ಒಡೆದು, ಕಣ್ಣಲ್ಲಿ ನೀರಾಗಿ ಇಳಿಯುವಾಗ ಅವನು ‘ಹಾ’ ಎನ್ನುತ್ತಿದ್ದ. ಮಜ್ಜಿಗೆಯ ತಂಬಿಗೆ ಪಕ್ಕದಲ್ಲೇ ಇದ್ದರೂ ಮುಟ್ಟುತ್ತಿರಲಿಲ್ಲ. ‘ಉರಿ ಆರಿಸಿಕೊಳ್ಳಾಕ ಖಾರ ಯಾಕ ತಿನ್ನಬೇಕು?’ ಎನ್ನುವುದು ಅವನ ವಾದ.

ಹತ್ತೊಂಬತ್ತು ನೂರ ಐವತ್ತೇಳರ ಮಳೆಗಾಲದಲ್ಲಿ ಊರಿಗೆ ಊರೇ ಜ್ವರ ಹಿಡಿದು ಮಲಗಿತು. ಶಿವಯೋಗೆಪ್ಪನೂ ಮಲಗಿದ. ಮೈ ಕೆಂಡ, ತಲೆ ಎತ್ತಲಾಗದು, ಗಂಜಿ ಬಿಟ್ಟರೆ ಬೇರೆ ಇಲ್ಲ. ಎದ್ದು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಅಂಗಿ ಸಡಿಲಾಗಿತ್ತು. ಆದರೆ ಅವನಿಗೆ ಇದ್ದದ್ದು ಒಂದೇ ಆಸೆ. ಗೌರಾಬಾಯಿ ಇನ್ನೂ ನಾಲ್ಕು ದಿನ ತಡೆಯಿರಿ ಎಂದರೂ ಕೇಳದೆ ಒಲೆಯ ಮುಂದೆ ಬಂದು ಕೂತ.

‘ರೊಟ್ಟಿ ಹಾಕು. ಖಾರ ಹಾಕು. ಬಾಯಿ ಕೆಟ್ಟು ಕೆರ ಹಿಡದೈತಿ.’

ಅವಳು ಹಾಕಿದಳು. ಅವನು ಗುಳಿ ಮಾಡಿ ಎಣ್ಣೆ ಬಿಟ್ಟುಕೊಂಡು ರೊಟ್ಟಿ ಅದ್ದಿ ಬಾಯಿಗಿಟ್ಟ. ಅಗಿದ. ಅಗಿಯುವುದು ನಿಂತಿತು. ಮತ್ತೊಂದು ತುತ್ತು ಇಟ್ಟುಕೊಂಡ. ನಾಲಗೆ ಸುಟ್ಟಿತು, ಉಪ್ಪು ಹತ್ತಿತು, ಹುಳಿ ಹತ್ತಿತು. ಅಷ್ಟೇ. ಬಳ್ಳೊಳ್ಳಿ ಇಲ್ಲ, ಮೆಣಸಿನಕಾಯಿ ಇಲ್ಲ. ಯಾರೋ ಕೆಂಡವನ್ನು ನೀರಲ್ಲಿ ಕಲಸಿ ಕೊಟ್ಟ ಹಾಗಿತ್ತು.

‘ಇದ್ಯಾವ ಖಾರ?’

‘ಯಾವ ಖಾರ ಅಂದ್ರ? ನಮ್ದ ರಿ.’

‘ಯಾವ ಭರಣಿ?’

‘ನೀವು ಮಲಗಿದಾಗ ಹಳೇದು ತೀರಿತು. ಹೊಸಾದು ಒಡದೀನಿ.’

‘ಹಂಗನ್ನು ಮತ್ತ’ ಎಂದು ಅವನು ತಾಟು ದೂಡಿದ. ‘ಆ ಭರಣಿ ಕೆಟ್ಟೈತಿ.’

ಎರಡೂ ಭರಣಿಗಳನ್ನು ಒಂದೇ ದಿನ, ಒಂದೇ ಒಳಕಲ್ಲಿನಿಂದ ತುಂಬಿದ್ದು ಎಂದು ಗೌರಾಬಾಯಿ ಹೇಳಿ ನೋಡಿದಳು. ಮಾಳವ್ವ ಬೆರಳಿಗೆ ಹಚ್ಚಿಕೊಂಡು ನೆಕ್ಕಿ, ‘ಚೊಲೋ ಐತಲ್ರಿ ಯಪ್ಪಾ’ ಎಂದಳು. ಅವನು ಇಬ್ಬರ ಮೇಲೂ ಹರಿಹಾಯ್ದ. ಇನ್ನೊಂದು ಭರಣಿ ಒಡೆಸಿದ. ಅದೂ ಹಾಗೇ. ಮೂರನೆಯದಕ್ಕೆ ಕೈ ಹಾಕಿದಾಗ ಗೌರಾಬಾಯಿ ಅಡ್ಡ ನಿಂತಳು.

‘ವರ್ಷದ ಖಾರ ರಿ. ಎಲ್ಲಾ ಬಾಯಿ ಬಿಚ್ಚಿದ್ರ ಬೂಸ್ಟ ಹಿಡಿತೈತಿ.’

ಗಿರಾಕಿಗಳು ಎಂದಿನಂತೆ ಬಂದು, ಎಂದಿನಂತೆ ಉಂಡು, ಎಂದಿನಂತೆ ಬೆರಳು ನೆಕ್ಕಿ ಎದ್ದರು. ಇವರೆಲ್ಲ ತನ್ನ ಮೋರೆ ನೋಡಿ ಸುಮ್ಮನಿದ್ದಾರೆ ಎಂದು ಶಿವಯೋಗೆಪ್ಪನಿಗೆ ಗುಮಾನಿ. ಟಾಂಗಾ ಹೊಡೆಯುವ ಕಾಸಿಮಸಾಬ ಬಾಲ್ಯದ ಗೆಳೆಯ, ಮುಲಾಜಿಲ್ಲದ ಮನುಷ್ಯ. ಅವನನ್ನೇ ಹಿಡಿದು ಕೇಳಿದ.

‘ಖರೇ ಹೇಳು ಕಾಸಿಮ, ಖಾರದಾಗ ಏನರ ಕಡಿಮಿ ಆಗೇತಿ?’

‘ಏನಿಲ್ಲೋ ಮಾರಾಯಾ. ಹಂಗ ಐತಿ. ಜ್ವರಾ ಬಂದಿತ್ತಲ್ಲ, ನಿನ್ನ ನಾಲಿಗಿ ಕೆಟ್ಟಿರಬೇಕು.’

‘ನಾಲಿಗಿ ಕೆಟ್ರ ಉಪ್ಪ ಹೆಂಗ ಗೊತ್ತಾಗಾಕತ್ತೈತಿ? ಹುಳಿ ಹೆಂಗ ಗೊತ್ತಾಗಾಕತ್ತೈತಿ?’

ಕಾಸಿಮಸಾಬ ತಲೆ ಕೊಡವಿ ಟಾಂಗಾದ ಕಡೆ ನಡೆದ. ಅವನು ಎದ್ದು ಹೋದದ್ದನ್ನು ಶಿವಯೋಗೆಪ್ಪ ತನ್ನ ಗೆಲುವು ಎಂದುಕೊಂಡ. ಕೆಟ್ಟದ್ದು ಖಾರವೇ. ಕೆಟ್ಟ ಖಾರವನ್ನು ಸರಿ ಮಾಡುವುದು ತನ್ನ ಕೆಲಸ. ಮರುದಿನದಿಂದ ಬಟ್ಟಲಿಗೆ ತೆಗೆದ ಖಾರಕ್ಕೆ ಅವನೇ ಇನ್ನಷ್ಟು ಬಳ್ಳೊಳ್ಳಿ ಜಜ್ಜಿ ಹಾಕತೊಡಗಿದ. ರುಚಿ ಹತ್ತಲಿಲ್ಲ. ಸಣ್ಣ ಲವಂಗಿ ಮೆಣಸಿನಕಾಯಿ ಅರೆದು ಹಾಕಿದ. ಉರಿ ಏರಿತು, ರುಚಿ ಹತ್ತಲಿಲ್ಲ. ಝುಣಕಕ್ಕೂ ಹಾಕಿದ, ಪಲ್ಯಕ್ಕೂ ಹಾಕಿದ. ಗುರುಪಾದಯ್ಯ ಎನ್ನುವ ಮಾಸ್ತರರೊಬ್ಬರು ಆರು ವರ್ಷದಿಂದ ಎರಡೂ ಹೊತ್ತು ಅಲ್ಲೇ ಉಣ್ಣುತ್ತಿದ್ದವರು, ಒಂದು ಮಧ್ಯಾಹ್ನ ಮೊದಲ ತುತ್ತಿಗೇ ಬಿಕ್ಕಳಿಕೆ ಹಿಡಿದು, ತಂಬಿಗೆಯಷ್ಟೂ ನೀರು ಕುಡಿದು, ಕಣ್ಣು ಕೆಂಪಗೆ ಮಾಡಿಕೊಂಡು ಎದ್ದರು.

‘ಶಿವಯೋಗೆಪ್ಪ, ಮಕ್ಕಳಿಗೆ ಪಾಠಾ ಹೇಳೂ ಬಾಯಿ ಇದು. ಸುಟ್ಟ ಹಾಕಬ್ಯಾಡ್ರಿ’ ಎಂದು ಕೈಮುಗಿದು ಹೋದವರು ಸಂಜೆ ಬರಲಿಲ್ಲ. ಪೇಟೆಯೊಳಗಿನ ಬೇರೆ ಖಾನಾವಳಿ ಹಿಡಿದರೆಂದು ಆಮೇಲೆ ತಿಳಿಯಿತು. ಚಕ್ಕಡಿಯವರೂ ಕಡಿಮೆಯಾದರು. ಕಾಸಿಮಸಾಬ ಬಂದರೂ ಬರೀ ಮಜ್ಜಿಗೆ, ರೊಟ್ಟಿ ಕೇಳತೊಡಗಿದ.

ಗೌರಾಬಾಯಿ ಹೇಳುವಷ್ಟು ಹೇಳಿದಳು. ಕೊನೆಗೆ ಅವನ ಕಣ್ಣು ತಪ್ಪಿಸಿ ಒಂದು ಬಟ್ಟಲು ಮೊದಲಿನ ಖಾರ ತೆಗೆದಿಟ್ಟು, ಕೇಳಿದವರಿಗೆ ಸೆರಗಿನ ಮರೆಯಲ್ಲಿ ಬಡಿಸತೊಡಗಿದಳು. ಅವನು ಅದನ್ನು ನೋಡಿಬಿಟ್ಟ. ಬಟ್ಟಲನ್ನು ಎತ್ತಿ ಅಂಗಳಕ್ಕೆ ಒಗೆದ. ಕೋಳಿಗಳು ಓಡಿ ಬಂದು, ಕೊಕ್ಕು ಇಟ್ಟು, ಹಾಗೇ ಹೆಕ್ಕುತ್ತ ನಿಂತವು.

ಇಷ್ಟಕ್ಕೂ ತಪ್ಪು ಮೆಣಸಿನಕಾಯಿಯದೇ ಎಂದು ಅವನ ತಲೆಯಲ್ಲಿ ಗಟ್ಟಿಯಾಯಿತು. ಮೆಣಸಿನಕಾಯಿ ಪ್ರತಿವರ್ಷ ಬರುತ್ತಿದ್ದದ್ದು ಬಬಲೇಶ್ವರದ ಧೂಳಪ್ಪನಿಂದ. ಸ್ವಂತ ಹೊಲ, ಸ್ವಂತ ಬಾವಿ, ಸಂತೆಯಲ್ಲಿ ಕಾಯಮ್ಮಾಗಿ ಒಂದು ಜಾಗ. ಶಿವಯೋಗೆಪ್ಪನಿಗೆಂದು ಗಿಡ ನೋಡಿ ಹಣ್ಣು ಬಿಡಿಸಿ ಇಡುತ್ತಿದ್ದವನು. ಒಂದು ಸಂತೆಯ ದಿನ ಬೆಳಗ್ಗೆ ಶಿವಯೋಗೆಪ್ಪ ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದ. ಧೂಳಪ್ಪ ಹರಡಿಕೊಂಡಿದ್ದ ಒಣ ಮೆಣಸಿನಕಾಯಿಯ ರಾಶಿಯ ಮುಂದೆ ಕೂತು, ನಮಸ್ಕಾರವನ್ನೂ ಹೇಳದೆ, ಒಂದು ಕಾಯಿ ಮುರಿದು ಮೂಗಿಗೆ ಹಿಡಿದ. ಬಾಯಿಗೆ ಹಾಕಿ ಅಗಿದ. ಬರೀ ಉರಿ.

‘ಧೂಳಪ್ಪಾ, ಮಾಘದಾಗ ನಂಗೇನ ಕೊಟ್ಟಿ ನೀ?’

‘ಹಣ್ಣ ಮೆಣಸಿನಕಾಯಿ ಕೊಟ್ಟೀನ್ರಿ. ಯಾಕ?’

‘ಹೊಟ್ಟ ಕೊಟ್ಟಿ! ಇದೂ ಹೊಟ್ಟ ಐತಿ. ನೀರ ಹೊಡದು ಬಣ್ಣಾ ಬರಿಸಿ ಮಾರಾಕತ್ತೀಯೇನು? ವಾಸನಿ ಇಲ್ಲ, ರುಚಿ ಇಲ್ಲ. ನನ್ನ ಖಾನಾವಳಿ ಮುಳುಗಸಾಕತ್ತಿ!’

ದನಿ ಎತ್ತರದ್ದು. ಸುತ್ತಲಿನವರು ವ್ಯಾಪಾರ ಬಿಟ್ಟು ತಿರುಗಿದರು. ಧೂಳಪ್ಪ ಸಾವಕಾಶ ಎದ್ದು ನಿಂತ. ಪಕ್ಕದಲ್ಲಿ ಬದನೆಕಾಯಿ ಮಾರುತ್ತಿದ್ದ ಮುದುಕಿ ರಾಶಿಯಿಂದ ಒಂದು ಕಾಯಿ ಎತ್ತಿ ಮೂಸಿ, ‘ಭೇಶ ಐತಲ್ಲೋ ಯಪ್ಪಾ’ ಎಂದಳು. ಇನ್ನಿಬ್ಬರೂ ಮೂಸಿದರು. ಎಲ್ಲರೂ ಶಿವಯೋಗೆಪ್ಪನನ್ನೇ ನೋಡಿದರು.

‘ಹೋಗ್ರಿ’ ಎಂದ ಧೂಳಪ್ಪ. ದನಿ ಏರಿಸಲೇ ಇಲ್ಲ. ‘ನಮ್ಮಪ್ಪನ ಕಾಲದಿಂದ ಇಲ್ಲೇ ಕುಂಡರತೀನಿ. ಇಂಥ ಮಾತ ಯಾರೂ ಅಂದಿಲ್ಲ. ಹೋಗ್ರಿನ್ನ.’

ಬಸ್ಸಿನಲ್ಲಿ ಕೂತು ವಾಪಸು ಬರುವಾಗ ಶಿವಯೋಗೆಪ್ಪನ ಬಾಯಿ ಇನ್ನೂ ಉರಿಯುತ್ತಿತ್ತು. ಸಿಟ್ಟು ಇಳಿದಿರಲಿಲ್ಲ. ಆದರೆ ಆ ಮುದುಕಿ ಕಾಯಿ ಮೂಸುವಾಗ ಅವಳ ಮೋರೆ ಅರಳಿದ್ದು ಕಣ್ಣಿಗೆ ಕಟ್ಟಿತ್ತು. ಅವಳಿಗೇನು ಸಿಕ್ಕಿತು ಅಲ್ಲಿ?

ಇನ್ನು ಉಳಿದದ್ದು ಒಂದೇ ದಾರಿ. ಅವನಿಗೆ ಖಾರದ ರುಚಿ ಹಚ್ಚಿದವಳು ತಾಯಿ. ಆ ತಾಯಿಯ ಕೈ ಈಗ ಇದ್ದದ್ದು ಅಕ್ಕ ರೇಣುಕವ್ವನಲ್ಲಿ. ಅವಳನ್ನು ಟಿಕೋಟಾಕ್ಕೆ ಕೊಟ್ಟಿದ್ದರು. ಮರುವಾರ ಅವಳ ಮನೆಗೆ ಹೋದ. ರೇಣುಕವ್ವನ ಗಂಡ ರಾಯಪ್ಪ, ಸೊಸೆ, ಎಲ್ಲರೂ ಹೊರಗೆ ಕಟ್ಟೆಯ ಮೇಲೆ, ಬಿಸಿಲಿಗೆ ಒಂದು ಗೋಣಿ ಮರೆ ಕಟ್ಟಿಕೊಂಡು ಕೂತಿದ್ದರು.

‘ಬಾ ಯಪ್ಪಾ, ಏಸ ದಿನಾ ಆತು. ಇಲ್ಲೇ ಕುಂಡ್ರು’ ಎಂದಳು ಅಕ್ಕ. ಅವನ ಸೊರಗಿದ ಮೈ ಮುಟ್ಟಿ ಮುಟ್ಟಿ ನೋಡಿದಳು.

‘ಬಿಸಲಾಗೇನ ಕುಂತೀರಿ? ನಾ ಒಳಗ ಕುಂಡರತೀನಿ. ಅವ್ವ ಮಾಡತಿದ್ದಳಲ್ಲ ಖಾರ, ಅದರಂಗ ಒಂದೀಟ ಕುಟ್ಟಿ ಕೊಡು ಯಕ್ಕಾ. ಉಣ್ಣಲಾರದ ಸಾಯಾಕತ್ತೀನಿ.’

ಅವಳು ಏನೋ ಹೇಳಹೊರಟಳು. ಅಷ್ಟರಲ್ಲಿ ಅವನು ಒಳಗೆ ಹೋಗಿ, ಅಟ್ಟದ ಕೆಳಗೆ ತಂಪಾಗಿದ್ದ ಜಾಗ ನೋಡಿ ಕಾಲು ಚಾಚಿ ಕೂತಾಗಿತ್ತು. ರೇಣುಕವ್ವ ಹಿತ್ತಲಲ್ಲಿ ಖಾರ ಕುಟ್ಟಿದಳು. ಸೊಸೆ ರೊಟ್ಟಿಯ ತಾಟನ್ನು ಬಾಗಿಲಲ್ಲಿಟ್ಟು, ಮೂಗಿಗೆ ಸೆರಗು ಒತ್ತಿ ಹಿಂದೆ ಸರಿದಳು. ಅವನು ತಾಟನ್ನು ಎಳೆದುಕೊಂಡು ಉಣ್ಣತೊಡಗಿದ.

‘ನಿನ್ನ ಕೈನೂ ಹೋತ ಯಕ್ಕಾ’ ಎಂದು ಒಳಗಿನಿಂದಲೇ ಕೂಗಿದ. ‘ಇದರಾಗೂ ಏನಿಲ್ಲ. ಬರೇ ಉರಿ.’

ರೇಣುಕವ್ವ ಬಾಗಿಲಿಗೆ ಬಂದು ನಿಂತಳು. ಮೂಗು ಮುಚ್ಚಿಕೊಂಡಿದ್ದಳು. ತಮ್ಮ ಅಟ್ಟದ ಕೆಳಗೆ ಆರಾಮಾಗಿ ಕೂತು ರೊಟ್ಟಿ ಮುರಿಯುವುದನ್ನು ನೋಡಿ ಅವಳ ಮೋರೆ ಬೇರೆಯಾಯಿತು.

‘ಶಿವ್ಯಾ, ನಿಂಗ ವಾಸನಿ ಬರಾಕತ್ತಿಲ್ಲೇನು?’

‘ಯಾವ ವಾಸನಿ?’

‘ಅಟ್ಟದ ಮ್ಯಾಲ ಇಲಿ ಸತ್ತೈತೋ. ನಿನ್ನಿಂದ ಹುಡಕಾಕತ್ತೀವಿ, ಸಿಗವಲ್ದು. ಒಳಗ ಕಾಲ ಇಡಾಕ ಆಗವಲ್ದಂತ ಎಲ್ಲಾರೂ ಹೊರಗ ಕುಂತೀವಿ. ನೀ ಅದರ ಕೆಳಗ ಕುಂತು ಉಣ್ಣಾಕತ್ತಿ!’

ಅವನು ಉಸಿರು ಎಳೆದುಕೊಂಡು ನೋಡಿದ. ಗಾಳಿ ಬಂತು, ಹೋಯಿತು. ಅದರಲ್ಲಿ ಏನೂ ಇರಲಿಲ್ಲ.

ಅಕ್ಕ ಅವನನ್ನು ಹೊರಗೆ ಕರೆತಂದು ಕಟ್ಟೆಯ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿದಳು. ಜಜ್ಜಿದ ಬಳ್ಳೊಳ್ಳಿ ಮೂಗಿಗೆ ಹಿಡಿದು ಏನು ಎಂದು ಕೇಳಿದಳು. ‘ಏನಿಲ್ಲ, ಬರೇ ಕೈ ಹಿಡದಿ’ ಎಂದ. ಚಿಮಣಿ ಎಣ್ಣೆಯ ಬಾಟಲಿ ಹಿಡಿದಳು. ‘ನೀರು’ ಎಂದ. ಇಂಗಿನ ಡಬ್ಬಿ ಹಿಡಿದಳು. ಈ ಸಲ ಅವನು ಕಣ್ಣು ತೆರೆದು ಡಬ್ಬಿ ನೋಡಿ, ಅದನ್ನು ಕಸಿದುಕೊಂಡು ಮೂಗಿಗೆ ಒತ್ತಿ ಒತ್ತಿ ಎಳೆದ. ಸೀನು ಬಂತು. ಸೀನಿನ ಮೇಲೆ ಸೀನು ಬಂತು. ಇಂಗು ಬರಲಿಲ್ಲ.

‘ಖಾರ ಕೆಟ್ಟಿಲ್ಲೋ ಯಪ್ಪಾ’ ಎಂದಳು ರೇಣುಕವ್ವ ಮೆಲ್ಲಗೆ. ‘ನಿನ್ನ ಮೂಗ ಹೋಗೇತಿ.’

ರಾಯಪ್ಪ ನಗಲಿಕ್ಕೆ ಹೋಗಿ ಹೆಂಡತಿಯ ಮೋರೆ ನೋಡಿ ನಿಲ್ಲಿಸಿದ.

ಆ ಮಳೆಗಾಲದ ಉಳಿದ ದಿನಗಳೆಲ್ಲ ಶಿವಯೋಗೆಪ್ಪನಿಗೆ ಮೂಗಿನ ಬೆನ್ನು ಹತ್ತುವುದರಲ್ಲೇ ಹೋದವು. ತುಂಬೆಯ ರಸ ಹಿಂಡಿಸಿಕೊಂಡ. ಅಜವಾನದ ಹೊಗೆ ಹಾಕಿಕೊಂಡ. ಬಜೆಬೇರು ತೇಯ್ದು ಹಚ್ಚಿಕೊಂಡ. ಕೊನೆಗೆ ಊರೊಳಗಿನ ಡಾಕ್ಟರರ ಹತ್ತಿರ ಹೋದ. ಅವರು ಮೂಗಿನಲ್ಲಿ ಬೆಳಕು ಬಿಟ್ಟು ನೋಡಿ ಹೇಳಿದರು:

‘ಜ್ವರದಾಗ ಒಬ್ಬೊಬ್ಬರಿಗೆ ಹಿಂಗ ಆಗತೈತಿ. ತಾನ ಬಂದ್ರ ಬರಬೇಕು. ಇದಕ್ಕ ಔಷಧ ಇಲ್ಲ.’

‘ಬರದಿದ್ರ?’

‘ಬರದಿದ್ರ ಇಲ್ಲ. ಇಷ್ಟಕ್ಕೂ ಕಣ್ಣ ಹೋಗಿಲ್ಲ, ಕಿವಿ ಹೋಗಿಲ್ಲ. ಮೂಗಿಂದೇನು ದೊಡ್ಡ ಮಾತು?’

ಶಿವಯೋಗೆಪ್ಪ ಹೊರಗೆ ಬಂದು ದವಾಖಾನೆಯ ಮೆಟ್ಟಿಲ ಮೇಲೆ ತುಸು ಹೊತ್ತು ಕೂತ. ಕಣ್ಣು ಹೋದವನಿಗೆ ಜನ ದಾರಿ ಬಿಡುತ್ತಾರೆ. ಕಿವಿ ಹೋದವನ ಹತ್ತಿರ ಕೂಗಿ ಮಾತಾಡುತ್ತಾರೆ. ತನಗೆ ಹೋದದ್ದನ್ನು ಹೇಳಿಕೊಂಡರೆ ನಗುತ್ತಾರೆ. ‘ಖಾರದ ಶಿವಯೋಗೆಪ್ಪನ ಮೂಗ ಹೋಗೇತಂತ’ ಎನ್ನುವ ಮಾತು ಪೇಟೆಯಲ್ಲಿ ಹೇಗೆ ಓಡೀತೆಂದು ಅವನಿಗೆ ಕೇಳಿಸಿದಂತಾಯಿತು. ಮನೆಗೆ ಬಂದವನೇ ಗೌರಾಬಾಯಿಗೆ ಆಣೆ ಇಟ್ಟ. ಯಾರಿಗೂ ಹೇಳಕೂಡದು. ಕಾಸಿಮನಿಗೂ ಹೇಳಕೂಡದು.

ಅವತ್ತಿನಿಂದ ಅಡುಗೆಗೆ ಕೈ ಹಾಕುವುದನ್ನು ಬಿಟ್ಟ. ಖಾರ ಮೊದಲಿನಂತಾಯಿತು, ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಗುರುಪಾದಯ್ಯ ಮಾಸ್ತರರು ಬಂದು ಉಂಡು, ‘ಈಗ ಹಾದಿಗೆ ಬಂದ್ರಿ ನೋಡ್ರಿ’ ಎಂದರು. ಶಿವಯೋಗೆಪ್ಪ ತಲೆ ಆಡಿಸಿದ. ಮಧ್ಯಾಹ್ನ ಒಲೆಯ ಹತ್ತಿರ ಕೂತು ಅದೇ ಗುಳಿ, ಅದೇ ಎಣ್ಣೆ ಮಾಡಿಕೊಂಡು ಉಣ್ಣುತ್ತಿದ್ದ. ಬೆವರು ಬರುತ್ತಿತ್ತು, ಕಣ್ಣೀರೂ ಬರುತ್ತಿತ್ತು. ‘ಹಾ’ ಮಾತ್ರ ಬರುತ್ತಿರಲಿಲ್ಲ. ಬೆಲ್ಲ ತಿಂದರೆ ಬರೀ ಸಿಹಿ, ಮಜ್ಜಿಗೆ ಕುಡಿದರೆ ಬರೀ ಹುಳಿ. ಉಳಿದ ಊಟವೆಲ್ಲ ಒದ್ದೆ ಅರಿವೆ ಅಗಿದ ಹಾಗೆ. ಉರಿಯೊಂದೇ ಏನೋ ತಿಂದೆ ಅನ್ನಿಸುವಂಥದು, ಹಾಗಾಗಿ ಅದನ್ನೇ ಹೆಚ್ಚು ಹೆಚ್ಚು ಹಾಕಿಕೊಳ್ಳುತ್ತಿದ್ದ. ಗೌರಾಬಾಯಿ ಹೊಟ್ಟೆ ಸುಟ್ಟೀತೆಂದರೆ, ‘ಹೊಟ್ಯಾಗ ಮೂಗ ಐತೇನು?’ ಎಂದು ರೇಗುತ್ತಿದ್ದ.

ಮಾಘ ಬಂತು. ಮೆಣಸಿನಕಾಯಿ ಬೇಕು. ಧೂಳಪ್ಪನ ಮುಂದೆ ಹೋಗಿ ನಿಲ್ಲಬೇಕು. ಶಿವಯೋಗೆಪ್ಪ ಎರಡು ಸಂತೆ ತಪ್ಪಿಸಿ ಮೂರನೆಯದಕ್ಕೆ ಹೋದ.

‘ಅವತ್ತ ನಾ ಅಂದದ್ದು ತಪ್ಪಾತು ಧೂಳಪ್ಪ. ಜ್ವರದಿಂದ ಎದ್ದಿದ್ನಿ, ತಲಿ ನೆಟ್ಟಗ ಇರಲಿಲ್ಲ.’

‘ಇರ್ಲಿ ಬಿಡ್ರಿ’ ಎಂದು ಧೂಳಪ್ಪ ನಕ್ಕ. ಚೀಲ ತುಂಬಿ, ಬಾಯಿ ಹೊಲಿದು, ತಾನೇ ಬಸ್ಸಿನ ಮೇಲೆ ಹಾಕಿಸಿದ. ಇಷ್ಟು ಸಲೀಸಾಗಿ ಮುಗಿದೀತೆಂದು ಶಿವಯೋಗೆಪ್ಪ ಎಣಿಸಿರಲಿಲ್ಲ. ದಾರಿಯುದ್ದಕ್ಕೂ ಮನಸ್ಸು ಹಗುರಾಗಿತ್ತು.

ಮನೆಯಲ್ಲಿ ಚೀಲದ ಬಾಯಿ ಬಿಚ್ಚುತ್ತಲೇ ಗೌರಾಬಾಯಿ ಮೋರೆ ಹಿಂದಕ್ಕೆ ಎಳೆದುಕೊಂಡಳು.

‘ನೋಡಿ ತಂದ್ರಿಲ್ಲ?’

‘ನೋಡೀನಿ. ರಕ್ತದಂಗ ಕೆಂಪ ಅದಾವ.’

‘ಕೆಂಪ ಮ್ಯಾಲ ಅದಾವ್ರಿ. ಮುಗ್ಗ ವಾಸನಿ ಗಪ್ಪಂತ ಹೊಡ್ಯಾಕತ್ತೈತಿ.’

ಅವಳು ಚೀಲವನ್ನು ನೆಲಕ್ಕೆ ಸುರಿದಳು. ಮೇಲಿನ ನಾಲ್ಕು ಹಿಡಿ ಬಿಟ್ಟರೆ ಕೆಳಗಿದ್ದದ್ದೆಲ್ಲ ನೀರು ಕುಡಿದು ಮೆತ್ತಗಾದ, ತೊಟ್ಟಿನ ಬುಡಕ್ಕೆ ಬಿಳಿ ಹಿಡಿದ ಹಣ್ಣು. ಶಿವಯೋಗೆಪ್ಪ ಒಂದನ್ನು ಎತ್ತಿ ಮೂಗಿಗೆ ಹಿಡಿದು, ಹಿಡಿದದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾಗಿ ಗೋಡೆಗೆ ಹೊಡೆದ. ಅಂದು ಸುಳ್ಳೇ ಮೋಸ ಎಂದು ಕೂಗಾಡಿದ್ದ. ಇಂದು ಖರೇ ಮೋಸವಾದಾಗ ಬಸ್ಸಿನಲ್ಲಿ ಕೂತು ಸಂತೋಷಪಟ್ಟುಕೊಂಡು ಬಂದಿದ್ದ.

‘ಮುಂದಿನ ಸಂತಿಗೆ ನಾನೂ ಬರ್ತೀನಿ’ ಎಂದಳು ಗೌರಾಬಾಯಿ.

‘ನೀ ಬಂದು ಏನ ಮಾಡ್ತಿ?’

‘ಮೂಸತೀನಿ.’

ಅವನು ಬೇಡವೆನ್ನಲು ಬಾಯಿ ತೆರೆದ. ತೆರೆದದ್ದನ್ನು ಹಾಗೇ ಮುಚ್ಚಿ, ಚೆಲ್ಲಿದ ಹಣ್ಣುಗಳನ್ನು ಚೀಲಕ್ಕೆ ತುಂಬತೊಡಗಿದ.

ಸಂತೆಯಲ್ಲಿ ಗೌರಾಬಾಯಿ ಸೆರಗಿನಲ್ಲಿ ಕಟ್ಟಿ ತಂದಿದ್ದ ಕೊಳೆತ ಹಣ್ಣುಗಳನ್ನು ಧೂಳಪ್ಪನ ರಾಶಿಯ ಪಕ್ಕದಲ್ಲಿ ಬಿಚ್ಚಿಟ್ಟಳು. ಧೂಳಪ್ಪ ಅವಳನ್ನು ನೋಡಲಿಲ್ಲ. ಶಿವಯೋಗೆಪ್ಪನ ಕಡೆ ಮೋರೆ ತಿರುಗಿಸಿದ.

‘ಇವರಿಗೆ ಭಾಳ ವಾಸನಿ ಗೊತ್ತಾಗತೈತಲ್ರಿ ಅವ್ವಾರ. ಹೋದ ಸಲ ಇದ ಸಂತ್ಯಾಗ ನಾಕ ಮಂದಿ ಮುಂದ ನನ್ನ ಮಾಲಿಗೆ ವಾಸನಿ ಇಲ್ಲ ಅಂದ್ರು. ಈ ಸಲ ಮೂಸಿ ನೋಡಿ ಒಯ್ಯಬೇಕಿತ್ತು. ಯಾರ ಬ್ಯಾಡ ಅಂದಿದ್ರು?’

ಪಕ್ಕದ ಮುದುಕಿ ಕಿವಿ ಇತ್ತ ಹಾಕಿದಳು. ಹಿಂದಿನ ಸಲದ ಜಗಳ ನೆನಪಿದ್ದವರು ಒಬ್ಬಿಬ್ಬರು ಹತ್ತಿರ ಸರಿದರು. ಶಿವಯೋಗೆಪ್ಪ ಹೆಂಡತಿಯ ಕೈ ಹಿಡಿದು ಎಳೆದ. ಅವಳು ಕೈ ಬಿಡಿಸಿಕೊಂಡಳು.

‘ಅವರಿಗೆ ಮೂಗ ಇಲ್ರಿ ಧೂಳಪ್ಪ. ಜ್ವರದಾಗ ಹೋಗೇತಿ. ಒಂದ ವಾಸನಿ ಗೊತ್ತಾಗಂಗಿಲ್ಲ. ಅವತ್ತ ನಿಮ್ಮ ಮ್ಯಾಲ ಬಂದದ್ದೂ ಅದಕ್ಕ. ತಮಗ ಏನಾಗೇತಿ ಅಂತ ಅವರಿಗೇ ಗೊತ್ತಿದ್ದಿಲ್ಲ.’

ಅಷ್ಟು ದಿನ ಮುಚ್ಚಿಟ್ಟದ್ದು ತುಂಬಿದ ಸಂತೆಯಲ್ಲಿ ಬಯಲಾಯಿತು. ಶಿವಯೋಗೆಪ್ಪ ನೆಲ ನೋಡುತ್ತ ನಿಂತ. ಮೆಣಸಿನಕಾಯಿ ತಿಂದಾಗ ಬಿಸಿಯಾಗುವ ಕಿವಿ ತಿನ್ನದೆಯೂ ಬಿಸಿಯಾಯಿತು. ಯಾರೂ ನಗಲಿಲ್ಲ. ಮುದುಕಿ ‘ಅಯ್ಯ ಶಿವನ’ ಎಂದಳು. ಅದು ನಗುವುದಕ್ಕಿಂತ ಹೆಚ್ಚು ಚುಚ್ಚಿತು.

ಧೂಳಪ್ಪ ಕೊಳೆತ ಹಣ್ಣುಗಳನ್ನು ಕಾಲಿನಿಂದ ಆಚೆ ಸರಿಸಿ, ಹಿಂದೆ ಮುಚ್ಚಿಟ್ಟಿದ್ದ ಬುಟ್ಟಿಯೊಂದನ್ನು ಎಳೆದು ಮುಂದಿಟ್ಟ.

‘ಸೊಕ್ಕು ಅಂತ ತಿಳದಿದ್ನಿ ರಿ’ ಎಂದ ಯಾರ ಮೋರೆಯನ್ನೂ ನೋಡದೆ. ‘ಇವತ್ತ ಮುಂಜಾನಿ ಬಿಡಿಸಿದ್ದು. ನೋಡ್ರಿ ಅವ್ವಾರ.’

ಗೌರಾಬಾಯಿ ಕೂತು ಒಂದೊಂದೇ ಹಣ್ಣು ಮುರಿದು ಮೂಸತೊಡಗಿದಳು. ಕೆಲವನ್ನು ಉಡಿಗೆ ಹಾಕಿಕೊಂಡಳು, ಕೆಲವನ್ನು ಬದಿಗೆ ಒಗೆದಳು. ಬದಿಗೆ ಒಗೆದದ್ದೇ ಹೆಚ್ಚಾಗುತ್ತ ಹೋದಾಗ ಧೂಳಪ್ಪ ತಲೆ ಕೆರೆದುಕೊಂಡು, ‘ನೀವು ಅವರಿಗಿಂತ ಖಡಕ್ ಅದೀರಲ್ರಿ’ ಎಂದ. ಶಿವಯೋಗೆಪ್ಪ ಹಿಂದೆ ನಿಂತು ಚೀಲದ ಬಾಯಿ ಹಿಡಿದಿದ್ದ. ಇಪ್ಪತ್ತು ವರ್ಷ ತಾನು ಕೂತ ಜಾಗದಲ್ಲಿ ಅವಳು ಕೂತಿದ್ದಳು.

ಖಾರ ಕುಟ್ಟುವ ದಿನ ಜಗಳವೋ ಜಗಳ. ಒಳಕಲ್ಲಿನ ಒಂದು ಕಡೆ ಅವನು, ಇನ್ನೊಂದು ಕಡೆ ಅವಳು, ನಡುವೆ ಒನಕೆ ಹಿಡಿದ ಮಾಳವ್ವ. ಉಪ್ಪು, ಹುಳಿ, ಉರಿ ಅವನ ಪಾಲಿನವು. ಉಳಿದದ್ದೆಲ್ಲ ಅವಳದು.

‘ಹೇಳು, ಹೆಂಗೈತಿ?’

‘ಚೊಲೋ ಐತಿ.’

‘ಚೊಲೋ ಅಂದ್ರೇನು? ಬಳ್ಳೊಳ್ಳಿ ಮುಂದ ಬರ್ತೈತೋ ಹಿಂದ ಬರ್ತೈತೋ?’

‘ಕೂಡೇ ಬರ್ತೈತಿ.’

‘ಕೂಡೇ ಬರಬಾರದು! ಮುಂದ ಬರಬೇಕು. ಇನ್ನೊಂದ ಹಿಡಿ ಹಾಕು.’

‘ಬ್ಯಾಡ್ರಿ. ಬಳ್ಳೊಳ್ಳಿ ಜಾಸ್ತಿ ಆದ್ರ ಮೆಣಸಿನಕಾಯಿ ಮುಚ್ಚಿ ಹೋಗತೈತಿ. ಪ್ರತಿ ವರ್ಷ ಹಂಗ ಆಗತಿತ್ತು.’

ಶಿವಯೋಗೆಪ್ಪನಿಗೆ ಕೇಳಿದ್ದು ನಂಬಿಕೆಯಾಗಲಿಲ್ಲ. ‘ಪ್ರತಿ ವರ್ಷ? ಹಂಗಿದ್ರ ಯಾಕ ಹೇಳಲಿಲ್ಲ?’

‘ಹೇಳೀನಿ, ಲಗ್ನಾದ ವರ್ಷ. ತಾಟ ಒಗದ್ರಿ. ಮಾಳವ್ವನ ಕೇಳ್ರಿ ಬೇಕಾದ್ರ.’

ಮಾಳವ್ವ ಒನಕೆಯನ್ನು ಜೋರಾಗಿ ಕುಟ್ಟತೊಡಗಿದಳು, ಕೇಳಿಸದವಳ ಹಾಗೆ.

ಬಳ್ಳೊಳ್ಳಿ ಅವಳು ಹೇಳಿದಷ್ಟೇ ಬಿತ್ತು. ಭರಣಿ ಒಡೆದ ಮೊದಲ ದಿನ ಗುರುಪಾದಯ್ಯ ಮಾಸ್ತರರು ಎರಡು ಸಲ ಕೇಳಿ ಹಾಕಿಸಿಕೊಂಡರು. ಕಾಸಿಮಸಾಬ ತಾಟನ್ನು ಬೆರಳಿನಿಂದ ಒರೆಸಿ ನೆಕ್ಕಿ, ‘ಏನ ಮಾಡೀಯೋ ಈ ಸಲ? ಇಂಥ ಖಾರ ನಾ ಉಂಡಿಲ್ಲ ಬಿಡು’ ಎಂದ. ಟಿಕೋಟಾದ ಚಕ್ಕಡಿಯವರು ಮನೆಗೆ ಒಯ್ಯಲು ಎಲೆಯಲ್ಲಿ ಕಟ್ಟಿಸಿಕೊಂಡರು. ಎಲ್ಲರೂ ಹೊಗಳಿದ್ದು ಅವನನ್ನೇ. ಒಂದು ಸಲ ಅವನು ‘ನಾ ಅಲ್ಲಪಾ, ಇಕಿ ಮಾಡ್ಯಾಳ’ ಎಂದ. ಹಾಸ್ಯ ಮಾಡುತ್ತಾನೆಂದು ಅವರು ನಕ್ಕರು. ಆಮೇಲೆ ಅವನು ಹೇಳಲು ಹೋಗಲಿಲ್ಲ. ತನ್ನ ಹೆಸರಿನ ಖಾರ ಊರಿಗೆಲ್ಲ ಹೇಗೆ ಹತ್ತುತ್ತಿದೆ ಎಂದು ತನಗೊಬ್ಬನಿಗೇ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಅವಳನ್ನು ಬಿಡದೆ ಕೇಳುತ್ತಿದ್ದ. ಅವಳು ಹೇಳಿದ್ದು ಎಂದೂ ಸಾಕಾಗುತ್ತಿರಲಿಲ್ಲ. ಒಮ್ಮೆ ಅವಳು ಬಹಳ ಹೊತ್ತು ಯೋಚಿಸಿ, ‘ಮಳಿ ಬಿದ್ದ ಮರುದಿನ ಬಿಸಲ ಬಂದಂಗ ಐತಿ’ ಎಂದಳು. ಅವನು ಅದನ್ನೇ ಬಾಯಲ್ಲಿಟ್ಟುಕೊಂಡು ಮೂರು ರೊಟ್ಟಿ ಉಂಡ. ಸಿಗಲಿಲ್ಲ.

ಮೂಗು ತಿರುಗಿ ಬರಲಿಲ್ಲ. ವರ್ಷಕ್ಕೊಮ್ಮೆ ಮಾಘದಲ್ಲಿ ಗಂಡ ಹೆಂಡತಿ ಇಬ್ಬರೂ ಬಬಲೇಶ್ವರದ ಸಂತೆಗೆ ಹೋಗುವುದು ರೂಢಿಯಾಯಿತು. ಅರವತ್ತೊಂದೋ ಅರವತ್ತೆರಡೋ, ಆ ವರ್ಷ ಮೆಣಸಿನಕಾಯಿ ಕೊಂಡಾದ ಮೇಲೆ ಬಸ್ಸು ತಡವಾಯಿತು. ಬಸ್ಸು ನಿಲ್ಲುವ ಕಡೆ ಒಬ್ಬ ಹೊಸಬ ಮಿರ್ಚಿ ಭಜಿ ಕರಿಯುತ್ತಿದ್ದ. ಶಿವಯೋಗೆಪ್ಪ ಎರಡು ಎಲೆಯಲ್ಲಿ ಕಟ್ಟಿಸಿಕೊಂಡು ಬಂದು ಕಲ್ಲಿನ ಮೇಲೆ ಕೂತ. ಅವನು ಮೊದಲನೆಯದನ್ನು ಕಚ್ಚುವಷ್ಟರಲ್ಲಿ ಗೌರಾಬಾಯಿ ತನ್ನದನ್ನು ಮೂಗಿನ ಹತ್ತಿರ ಒಯ್ದು ಕೆಳಗಿಟ್ಟಳು.

‘ಯಾಕ?’

‘ಎಣ್ಣಿ ಹಳೇದ ಐತ್ರಿ. ಕಮಟ ವಾಸನಿ ಬರಾಕತ್ತೈತಿ. ನೀವೂ ಬಿಡ್ರಿ.’

ಅವನು ಕೈಯಲ್ಲಿದ್ದ ಅರ್ಧ ಭಜಿಯನ್ನು ನೋಡಿದ. ಹಿಟ್ಟು ಗರಿಗರಿ ಇತ್ತು, ಒಳಗಿನ ಮೆಣಸಿನಕಾಯಿ ಹಸಿರಾಗಿ ಹೊಗೆಯಾಡುತ್ತಿತ್ತು. ಕೆಟ್ಟದ್ದೆಂದು ಹೇಳುವಂಥದು ಅವನಿಗೆ ಎಲ್ಲೂ ಕಾಣಲಿಲ್ಲ.

‘ಎಲ್ಲಾ ನಿನಗ ಗೊತ್ತಾಗತೈತಿ’ ಎಂದು ಗೊಣಗಿ, ಉಳಿದ ಅರ್ಧವನ್ನೂ ಬಾಯಿಗೆ ಹಾಕಿಕೊಂಡ. ಆಮೇಲೆ ಅವಳ ಪಾಲಿನ ಎಲೆಯನ್ನೂ ತನ್ನ ಕಡೆ ಎಳೆದುಕೊಂಡ. ಮೆಣಸಿನಕಾಯಿ ಜೋರಾಗಿತ್ತು. ತಲೆಯ ಮೇಲೆ ಬೆವರು ಒಡೆಯಿತು, ಕಣ್ಣಲ್ಲಿ ನೀರು ನಿಂತಿತು. ಗೌರಾಬಾಯಿ ನೀರಿನ ತಂಬಿಗೆ ಮುಂದೆ ಹಿಡಿದಳು. ಅವನು ಬೇಡವೆಂದು ತಲೆ ಅಲ್ಲಾಡಿಸಿ, ಮುಂದಿನ ಭಜಿಗೆ ಕೈ ಹಾಕಿದ.